ಮರದ ಮೇಲೆ ಮಂಚ ಕಟ್ಟಿದವರು

ಬೆಂಗಳೂರಿನ ಪಶ್ಚಿಮ ಭಾಗದ ಕುರುಬರಹಳ್ಳಿ ಇಂದು ರಾಜಾಜಿನಗರ, ಮಹಾಲಕ್ಷ್ಮಿ ಬಡಾವಣೆಗಳ ನಡುವೆ ಬೆರೆತುಹೋಗಿದೆ. ಹಳ್ಳಿ ಹೋದರೂ ಹೆಸರು ಉಳಿದಿದೆ. ಕುರಿ ಸಾಕುವವರ ಊರಿದು ಎಂದು ಆ ಹೆಸರೇ ಹೇಳುತ್ತದೆ. ಕುರಿ ಇದ್ದಲ್ಲಿ ತೋಳ, ಚಿರತೆಗಳ ಭಯವೂ ಇರುತ್ತದೆ. ಇಲ್ಲಿಂದ ಮಾಗಡಿ ರಸ್ತೆ ಹಿಡಿದು ಹೋದರೆ ಮಾಗಡಿ; ಉತ್ತರಕ್ಕೆ ಕೆಲವೇ ಕಿಲೋಮೀಟರ್ ಹೋದರೆ ಜಾಲಹಳ್ಳಿ. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಮಾಲಿಕೆ ಓದಿದವರಿಗೆ ಈ ಎರಡೂ ಊರುಗಳು ಬೇರೆಯದೇ ಕಾರಣಕ್ಕೆ ನೆನಪಿರುತ್ತವೆ. ‘ಜಾಲಹಳ್ಳಿಯ ಕುರ್ಕ’, ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಆ ಮಾಲಿಕೆಯ ಪುಸ್ತಕಗಳು. ಕುರ್ಕ ಎಂದರೂ ಚಿರತೆಯೇ. ಮೂಲ ಲೇಖಕ ಕೆನೆತ್ ಆಂಡರ್ಸನ್ (1910-1974) ಬೆಂಗಳೂರಿನಲ್ಲೇ ಬಾಳಿ ಬದುಕಿದವರು.

ಈ ಕತೆಗಳನ್ನು ಓದುವಾಗ ನಮ್ಮ ಕಣ್ಣು ಚಿರತೆಯ ಮೇಲೋ ಬಂದೂಕಿನ ಮೇಲೋ ಇರುತ್ತದೆ. ಆದರೆ ಎಷ್ಟೋ ಕತೆಗಳಲ್ಲಿ ಬೇಟೆಗಾರ ರಾತ್ರಿಯೆಲ್ಲ ಕಳೆಯುವುದು ಮರದ ಮೇಲೆ ಕಟ್ಟಿದ ಒಂದು ಪುಟ್ಟ ಆಸನದಲ್ಲಿ. ಅದಕ್ಕೆ ಮಚಾನು, ಅಟ್ಟಣೆ, ಮಂಚಿಕೆ, ಮಾಳ ಎಂದೆಲ್ಲ ಹೆಸರು. ಆ ಆಸನವನ್ನು ಊರಿನಿಂದ ಕಾಡಿಗೆ ಹೊತ್ತವರು ಯಾರು? ಮರ ಹತ್ತಿ ಕಟ್ಟಿದವರು ಯಾರು? ಹಗುರವಾದ ಆಸನ ಬೇಕೆಂದು ಯಾರಿಗೆ, ಯಾವಾಗ ಅನ್ನಿಸಿತು? ಬೇಟೆಯ ಚರಿತ್ರೆಯನ್ನು ಈ ಪ್ರಶ್ನೆಗಳ ಕಡೆಯಿಂದ ನೋಡಿದರೆ ಕೆಲವು ಬೇರೆಯೇ ಮುಖಗಳು ಕಾಣುತ್ತವೆ.

ಮಾತಿನೊಳಗಿನ ಚರಿತ್ರೆ

ಮೊದಲು ಮಾತುಗಳನ್ನೇ ನೋಡೋಣ. ಬೇಟೆ, ಬಿಲ್ಲು, ಅಂಬು, ಬಲೆ ನಮ್ಮ ಹಳೆಯ ಮಾತುಗಳು. ಶಿಕಾರಿ ಪಾರಸಿಯದು. ಬಂದೂಕು ಅರಬಿ-ಪಾರಸಿ ದಾರಿಯಲ್ಲಿ ಬಂದದ್ದು. ಕುದುರೆಯ ಬೆನ್ನಿಗೆ ಹಾಕುವ ಜೀನು ಕೂಡ ಪಾರಸಿಯದೇ. ಇವೆಲ್ಲ ಸೈನಿಕರು, ಸವಾರರು, ಪೇಟೆಯ ವ್ಯಾಪಾರಿಗಳು ಆಡುತ್ತಿದ್ದ ದಖನಿ ಮಾತಿನ ಮೂಲಕ ಹಳ್ಳಿಯ ಕನ್ನಡಕ್ಕೆ ಇಳಿದವು. ಇಂದು ಇವು ಎಲ್ಲಿಂದ ಬಂದವೆಂದು ಯಾರೂ ಕೇಳುವುದಿಲ್ಲ, ಅಷ್ಟು ನಮ್ಮವಾಗಿವೆ.

ಮಚಾನು ಎಂಬ ಮಾತಿನ ಕತೆ ಇನ್ನೂ ಸ್ವಾರಸ್ಯಕರ. ಅದು ಹಿಂದೂಸ್ತಾನಿಯಿಂದ ಬಂದರೂ ಅದರ ಬೇರು ಸಂಸ್ಕೃತದ ‘ಮಂಚ’. ನಾವು ಮಲಗುವ ಮಂಚಕ್ಕೂ ಬೇಟೆಗಾರ ಕೂರುವ ಮಚಾನಿಗೂ ಮೂಲ ಒಂದೇ. ಉತ್ತರದವರು ಹಗ್ಗ ಹೆಣೆದ ಮಂಚವನ್ನು ಚಾರ್‌ಪಾಯಿ ಅನ್ನುತ್ತಾರೆ, ಅಂದರೆ ನಾಲ್ಕು ಕಾಲಿನದು. ಬೆಂಗಳೂರಿನ ಬೇಟೆಗಾರನೊಬ್ಬ ಹಳ್ಳಿಯ ಹಗ್ಗದ ಮಂಚವನ್ನು ಮರಕ್ಕೇರಿಸಿ ಮಚಾನು ಮಾಡಿಕೊಂಡಾಗ ಮಾತು ಮತ್ತು ವಸ್ತು ಒಂದೇ ಕೊಂಬೆಯ ಮೇಲೆ ಕೂಡಿಕೊಂಡವು. ಆ ಸಂಗತಿಗೆ ಮುಂದೆ ಬರೋಣ.

ಬಿಲ್ಲುಗಾರ ಮರ ಹತ್ತಿದಾಗ

ಬಿಲ್ಲು ಹಿಡಿದು ಮರದ ಮೇಲೆ ಕಾದು ಕೂತ ಬೇಟೆಗಾರನ ಚಿತ್ರ ಕನ್ನಡಿಗರಿಗೆ ಹೊಸದಲ್ಲ. ಶಿವರಾತ್ರಿಯ ಕತೆಯಲ್ಲಿ ಬರುವ ಬೇಡ ನೀರಿನ ಬಳಿ ಬಿಲ್ವದ ಮರವನ್ನೇರಿ ಜಿಂಕೆಗಾಗಿ ರಾತ್ರಿಯೆಲ್ಲ ಕಾಯುತ್ತಾನೆ. ಅವನು ಅಲುಗಿದಾಗ ಉದುರಿದ ಎಲೆಗಳು ಕೆಳಗಿದ್ದ ಲಿಂಗದ ಮೇಲೆ ಬೀಳುತ್ತವೆ. ಬಂದ ಜಿಂಕೆ ಮರಿಗಳನ್ನು ಕಂಡು ಬರುತ್ತೇನೆಂದು ಮಾತು ಕೊಟ್ಟು ಹೋಗುತ್ತದೆ, ಕೊಟ್ಟ ಮಾತಿನಂತೆ ಮರಳುತ್ತದೆ. ಬೇಡ ಬಿಲ್ಲನ್ನು ಕೆಳಗಿಡುತ್ತಾನೆ. ಇದೇ ಬಗೆಯ ಕತೆಯೊಂದನ್ನು ಮುಸ್ಲಿಂ ಜನಪದವೂ ಹೇಳಿಕೊಂಡು ಬಂದಿದೆ. ಅಲ್ಲಿ ಬೇಟೆಗಾರನಿಗೆ ಸಿಕ್ಕಿಬಿದ್ದ ತಾಯಿ ಜಿಂಕೆ ಮರಿಗಳಿಗೆ ಹಾಲೂಡಿಸಿ ಬರಲು ಹೋಗುವಾಗ ಅದಕ್ಕೆ ಜಾಮೀನು ನಿಲ್ಲುವವರು ಪ್ರವಾದಿಯವರು. ನಮ್ಮ ಪುಣ್ಯಕೋಟಿಯೂ ಇವರ ಬಳಗದವಳೇ. ಬೇಟೆಯ ಮೇಲೆ ಬದುಕಿದ ಸಮಾಜಗಳು ಬೇಟೆಯ ಪ್ರಾಣಿಗೂ ಮಾತಿದೆ, ಮನೆಯಿದೆ ಎಂಬುದನ್ನು ಮರೆತಿರಲಿಲ್ಲ ಎಂಬುದಕ್ಕೆ ಈ ಕತೆಗಳೇ ಸಾಕ್ಷಿ.

ಶಿವರಾತ್ರಿಯ ಬೇಡನಿಗೆ ಅಟ್ಟಣೆ ಇರಲಿಲ್ಲ, ಬರಿಯ ಕೊಂಬೆ. ಬಿಲ್ಲುಗಾರನ ಕಷ್ಟ ಇಲ್ಲಿಯೇ ಇದೆ. ಬಂದೂಕಿನವನು ಕೂತಲ್ಲೇ ನಳಿಗೆಯನ್ನು ಮೆಲ್ಲಗೆ ಸರಿಸಿ ಕುದುರೆ ಒತ್ತಬಹುದು. ಬಿಲ್ಲಿನವನು ಎರಡೂ ಕೈ ಬಳಸಬೇಕು, ಹೆದೆಯನ್ನು ಎದೆಯವರೆಗೆ ಎಳೆಯಬೇಕು, ಅದಕ್ಕೆ ಮೊಳಕೈ ಆಡುವಷ್ಟು ಜಾಗ ಬೇಕು. ಸಾಂಪ್ರದಾಯಿಕ ಬಿಲ್ಲನ್ನು ಎಳೆದು ಹಿಡಿದು ಹೆಚ್ಚು ಹೊತ್ತು ಇರಲಾಗದು, ತೋಳು ನಡುಗುತ್ತದೆ. ಪ್ರಾಣಿ ಬಹಳ ಹತ್ತಿರ ಬಂದ ಮೇಲೆಯೇ ಎಳೆಯಬೇಕು. ಅಷ್ಟು ಹತ್ತಿರದಲ್ಲಿ ಎಳೆದರೆ ಅದಕ್ಕೆ ತಿಳಿಯುತ್ತದೆ. ಎತ್ತರದಿಂದ ಹೊಡೆಯುವಾಗ ಇನ್ನೊಂದು ತೊಡಕು. ಬಾಣದ ಹಾದಿಯನ್ನು ನೆಲದ ಮೇಲಿನ ಅಡ್ಡ ದೂರದಿಂದ ಅಂದಾಜಿಸಬೇಕು. ಮರದಿಂದ ಕಾಣುವ ಓರೆ ದೂರವನ್ನೇ ನಂಬಿದವನ ಬಾಣ ಪ್ರಾಣಿಯ ಬೆನ್ನ ಮೇಲೆ ಹಾದುಹೋಗುತ್ತದೆ.

ನಮ್ಮ ಕಲ್ಲುಗಳಲ್ಲಿ ಸಾಮಾನ್ಯವಾಗಿ ಕಾಣುವ ಬಿಲ್ಲುಗಾರ ನೆಲದ ಮೇಲೆ ನಿಂತವನು. ಬೇಲೂರಿನ ಬೇಟೆಗಾರ್ತಿ ಮದನಿಕೆಯಾಗಲಿ, ಹಂಪಿಯ ಮಹಾನವಮಿ ದಿಬ್ಬದ ಸಾಲು ಚಿತ್ರಗಳ ಬೇಡರಾಗಲಿ ಹಾಗೆಯೇ ಇದ್ದಾರೆ. ನಾಯಿ, ಬಲೆ, ಸೋವುವ ಜನ ಅವರ ಜೊತೆಗಾರರು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ ಬೇಟೆಯನ್ನು ಅರಸರ ವಿನೋದಗಳಲ್ಲಿ ಒಂದಾಗಿ ಎಣಿಸಿ ವಿವರಿಸುತ್ತದೆ. ಹೊಟ್ಟೆಗಾಗಿ ಬೇಟೆಯಾಡುವವನಿಗೆ ಅದು ವಿನೋದವಲ್ಲ, ದುಡಿಮೆ. ಈ ಭೇದ ಮುಂದೆ ಅಟ್ಟಣೆಯ ಭಾರದಲ್ಲೂ ಕಾಣಿಸಿಕೊಂಡಿತು.

ಇಲ್ಲಿ ಆತಕೂರಿನ ಕಲ್ಲನ್ನು ನೆನೆಯಬೇಕು. ಮಂಡ್ಯ ಜಿಲ್ಲೆಯ ಈ ಊರಿನ, ಸುಮಾರು ಕ್ರಿ.ಶ. 949-50ರ ಶಾಸನ ಇಂದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗ ದೊರೆ ಬೂತುಗ ತನ್ನ ವೀರ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಸಾವಿರ ವರ್ಷದ ಹಿಂದೆ ಒಂದು ನಾಯಿಯ ಹೆಸರನ್ನು ಕಲ್ಲಿನಲ್ಲಿ ಬರೆದ ನಾಡಿದು. ಆದರೆ ಅದಕ್ಕಿಂತ ಎಷ್ಟೋ ಈಚಿನ ಬೇಟೆಗಳಲ್ಲಿ ಅಟ್ಟಣೆ ಹೊತ್ತು ಕಟ್ಟಿದ ಮನುಷ್ಯರಲ್ಲಿ ಹೆಚ್ಚಿನವರ ಹೆಸರು ನಮಗೆ ಸಿಗುವುದಿಲ್ಲ.

ಭಾರದ ಲೆಕ್ಕ ಇಲ್ಲದ ಕಾಲ

ಬಂದೂಕು ಬಂದ ಮೇಲೆ ಮರದ ಮೇಲಿನ ಕಾಯುವಿಕೆ ದೊಡ್ಡಸ್ತಿಕೆಯ ಬೇಟೆಯಾಯಿತು. ಅರಸರ, ಅಧಿಕಾರಿಗಳ, ಅವರ ಅತಿಥಿಗಳ ಅಟ್ಟಣೆ ಹಗುರವಾಗಿರಬೇಕಾದ ಅಗತ್ಯವಿರಲಿಲ್ಲ. ಮರದ ದಿಮ್ಮಿ, ಹಲಗೆ, ಏಣಿ, ಮೆತ್ತೆ ಎಲ್ಲವೂ ಬರುತ್ತಿದ್ದವು, ಏಕೆಂದರೆ ಹೊರುವವರು ಬೇರೆಯವರು. ಮರ ಆರಿಸುವುದು, ಕೊಂಬೆ ಕಡಿಯುವುದು, ಎಲೆ ಮರೆ ಮಾಡುವುದು, ಎಳಗರುವನ್ನೋ ಆಡನ್ನೋ ಕಟ್ಟಿಬರುವುದು, ತಮಟೆ ಬಡಿದು ಪ್ರಾಣಿಯನ್ನು ಅಟ್ಟಿಕೊಂಡು ಬರುವುದು, ಗಾಯಗೊಂಡ ಪ್ರಾಣಿಯ ಜಾಡು ಹಿಡಿಯುವುದು ಹಳ್ಳಿಯವರ ಪಾಲಿನ ಕೆಲಸ. ಮೇಲೆ ಕೂತು ಗುರಿಯಿಡುವುದೊಂದೇ ಅತಿಥಿಯ ಕೆಲಸ.

ಈ ಬೇಟೆಯ ಪ್ರಮಾಣ ತಿಳಿಯಲು ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಯನ್ನು ನೆನಪಿಸಿಕೊಂಡರೆ ಸಾಕು. ಸತ್ತ ಪ್ರಾಣಿಗಳ ಚರ್ಮ ಹದಮಾಡಿ, ಒಳಗೆ ತುಂಬಿ, ಜೀವಂತವೆನ್ನುವಂತೆ ನಿಲ್ಲಿಸುತ್ತಿದ್ದ ಆ ಸಂಸ್ಥೆ 1900ರ ಸುಮಾರಿನಿಂದ 1999ರವರೆಗೆ ನಡೆಯಿತು. ಅದರ ಕೈಯಲ್ಲಿ ಹಾದುಹೋದ ಹುಲಿ-ಚಿರತೆಗಳೇ 40,000ಕ್ಕೂ ಹೆಚ್ಚು. ಎಲ್ಲವೂ ನಮ್ಮ ನಾಡಿನವಲ್ಲ. ಇಂಡಿಯಾದ ಮೂಲೆಮೂಲೆಗಳಿಂದ ಬಂದವು. ಆ ಪ್ರತಿಯೊಂದು ಚರ್ಮದ ಹಿಂದೆಯೂ ಜಾಡು ತೋರಿಸಿದ, ಹೊರೆ ಹೊತ್ತ, ಕಾಡು ಬಲ್ಲ ಯಾರೋ ಇದ್ದಾರೆ.

ಆ ಕಾಲದಲ್ಲೂ ಬೇರೆ ರೀತಿ ಯೋಚಿಸಿದವರಿದ್ದರು. ಮೈಸೂರು ಸೀಮೆಯಲ್ಲಿ ಖೆಡ್ಡಾ ಪದ್ಧತಿಯಿಂದ ಆನೆ ಹಿಡಿಸಿದ ಸ್ಯಾಂಡರ್ಸನ್ 1878ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಹುಲಿಯ ಪರವಾಗಿ ವಾದಿಸಿದ. ಬೆಳೆ ತಿನ್ನುವ ಜಿಂಕೆ, ಹಂದಿಗಳನ್ನು ಹುಲಿ ಹತೋಟಿಯಲ್ಲಿಡುತ್ತದೆ, ಅದನ್ನು ನಿರ್ವಂಶ ಮಾಡುವುದು ರೈತನಿಗೆ ಒಳಿತಲ್ಲ ಎಂಬುದು ಅವನ ನಿಲುವು. ಹುಲಿ ಕೊಂದವರಿಗೆ ಸರ್ಕಾರ ಇನಾಮು ಕೊಡುತ್ತಿದ್ದ ದಿನಗಳಲ್ಲಿ ಬಂದ ಮಾತಿದು.

ಹಗ್ಗದ ಮಂಚದ ಜಾಣ್ಮೆ

ಆಂಡರ್ಸನ್ ಅರಸನೂ ಅಲ್ಲ, ದೊಡ್ಡ ಅಧಿಕಾರಿಯೂ ಅಲ್ಲ. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ, ರಜೆ ಸಿಕ್ಕಾಗ ಕಾಡಿಗೆ ಹೋಗುತ್ತಿದ್ದ ಮನುಷ್ಯ. ನೂರು ಆಳುಗಳ ಬೇಟೆ ಅವರಿಗೆ ಸಾಧ್ಯವಿರಲಿಲ್ಲ. ಆದ್ದರಿಂದಲೇ ಅವರ ಬರವಣಿಗೆಯಲ್ಲಿ ಹಗುರವಾದ ಮಚಾನಿಗೆ ಪ್ರಾಮುಖ್ಯವಿದೆ. ಹಳ್ಳಿಯಲ್ಲಿ ಒಂದು ಹಗ್ಗದ ಮಂಚವನ್ನು ಕೇಳಿ ಪಡೆದು ಮರಕ್ಕೆ ಕಟ್ಟಿಸುವುದು, ಮಂಚದ ಕಾಲು-ಚೌಕಟ್ಟು ಕಾಣದಂತೆ ಸೊಪ್ಪು ಮುಚ್ಚಿಸುವುದು ಅವರ ಕತೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಹಗ್ಗದ ಮಂಚವೇ ಏಕೆ? ಹಲಗೆ ಕಿರುಗುಟ್ಟುತ್ತದೆ, ಹಗ್ಗ ಸದ್ದು ಮಾಡುವುದಿಲ್ಲ. ಹಗ್ಗದ ನಡುವೆ ಗಾಳಿ ಆಡುತ್ತದೆ, ಮೈಭಾರ ಒಂದೇ ಕಡೆ ಬೀಳುವುದಿಲ್ಲವಾಗಿ ಕಾಲು ಜೋಮು ಹಿಡಿಯುವುದು ಕಡಿಮೆ. ಚೌಕಟ್ಟು ಗಟ್ಟಿ, ತೂಕ ಕಡಿಮೆ, ಇಬ್ಬರು ತಲೆಯ ಮೇಲೆ ಹೊತ್ತು ನಡೆಯಬಹುದು. ಮರಕ್ಕೆ ಮೊಳೆ ಹೊಡೆಯಬೇಕಿಲ್ಲ. ಬೆಳಿಗ್ಗೆ ಬಿಚ್ಚಿದರೆ ಮಂಚ ಮತ್ತೆ ಮನೆಯ ಜಗಲಿಗೆ. ಚಿರತೆ, ಹುಲಿಗಾಗಿ ಕಾಯುವವನಿಗೆ ಮುಖ್ಯವಾದದ್ದು ಎತ್ತರಕ್ಕಿಂತಲೂ ನಿಶ್ಶಬ್ದ. ಕೆಮ್ಮು ಬಂದರೂ ತಡೆಯಬೇಕು, ಸೊಳ್ಳೆ ಕಚ್ಚಿದರೂ ಕೈ ಎತ್ತಬಾರದು. ಕೂತವನು ಸುಖವಾಗಿದ್ದರೆ ಮಾತ್ರ ಅಲುಗದೆ ಇರಬಲ್ಲ. ಯಾವ ಕಾರ್ಖಾನೆಯ ತಜ್ಞನೂ ಮಾಡದ ಈ ವಿನ್ಯಾಸ ಹಳ್ಳಿಯ ಬಡಗಿ ಮತ್ತು ಹಗ್ಗ ಹೊಸೆಯುವವರ ಕೈಯಿಂದ ಬಂದದ್ದು.

ಒಂದು ವಿಷಯದಲ್ಲಿ ಆಂಡರ್ಸನ್‌ಗೆ ಮೆಚ್ಚುಗೆ ಸಲ್ಲಬೇಕು. ತನ್ನ ಜೊತೆಗಾರರನ್ನು ಅವರು ಹೆಸರಿಟ್ಟು ಬರೆದರು. ಪೂಜಾರಿ ಬೈರ, ರಂಗ, ಸಾಹೇಬರಿಗೆ ಶಿಕಾರಿ ಏರ್ಪಡಿಸಿ ಹೊಟ್ಟೆ ಹೊರೆಯುತ್ತಿದ್ದ ಚತುರ ಮುನಿಶಾಮಿ, ಇವರೆಲ್ಲ ನಮಗೆ ಗೊತ್ತಿರುವುದು ಅದರಿಂದಲೇ. 1957ರ ಪುಸ್ತಕದಲ್ಲಿ ಆಲಂ ಬಕ್ಷ್ ಎಂಬುವವರ ಕತೆಯಿದೆ. ಅರಸೀಕೆರೆ ಸೀಮೆಯ ಗುಡ್ಡಗಳ ಬುಡದಲ್ಲಿ, ರಸ್ತೆ ಬದಿಯ ದರ್ಗಾವೊಂದನ್ನು ನೋಡಿಕೊಂಡಿದ್ದ ಮುದುಕ ಅವರು. ಅವರ ಮಗನನ್ನು ಕರಡಿಯೊಂದು ಕೊಂದಿತು. ಆಂಡರ್ಸನ್ ಆ ಕರಡಿಯ ಬೆನ್ನು ಹತ್ತಿದ್ದು ಆ ತಂದೆಯ ದುಃಖಕ್ಕೆ ಓಗೊಟ್ಟು. ದರ್ಗಾದ ಮುಜಾವರನೊಬ್ಬ ಇಂಗ್ಲಿಷ್ ಪುಸ್ತಕದ ಅಧ್ಯಾಯವೊಂದರ ತಲೆಬರಹವಾದದ್ದು ಸಣ್ಣ ಮಾತಲ್ಲ. ಈ ನಾಡಿನ ಕಾಡಂಚಿನಲ್ಲಿ ಬದುಕಿದವರಲ್ಲಿ ಕುರುಬರು, ಸೋಲಿಗರು, ಬೇಡರು, ಮುಸ್ಲಿಮರು ಎಲ್ಲರೂ ಇದ್ದರು. ಕಾಡಿನ ಭಯ ಯಾರ ಜಾತಿಯನ್ನೂ ಕೇಳಿ ಬರುತ್ತಿರಲಿಲ್ಲ.

ಸೊಂಟಕ್ಕೆ ಸುತ್ತಿದ ಹಗ್ಗ

ಅಮೆರಿಕದಲ್ಲಿ ಬಿಲ್ಲು ಬಾಣದ ಬೇಟೆ ಇಂದಿಗೂ ಕಾನೂನಿನ ಚೌಕಟ್ಟಿನೊಳಗಿನ ಹವ್ಯಾಸ. ಅಲ್ಲಿ ಮರದ ಮೇಲಿನ ಆಸನ ದೊಡ್ಡ ಉದ್ಯಮವೇ ಆಗಿದೆ. ಮರಕ್ಕೆ ಬಿಗಿಯುವ ಲೋಹದ ಆಸನಗಳು ಸಾಮಾನ್ಯವಾಗಿ ನಾಲ್ಕೈದು ಕಿಲೋದಿಂದ ಎಂಟು-ಹತ್ತು ಕಿಲೋವರೆಗೆ ತೂಗುತ್ತವೆ. ಇತ್ತೀಚೆಗೆ ಜನಪ್ರಿಯವಾದದ್ದು ‘ಜೀನು’. ಕುದುರೆಯ ಜೀನಲ್ಲ, ಸೊಂಟ ಮತ್ತು ತೊಡೆಯ ಹಿಂಭಾಗಕ್ಕೆ ಸುತ್ತಿಕೊಳ್ಳುವ ಬಟ್ಟೆಯ ಪಟ್ಟಿ. ಅದಕ್ಕೆ ಹಗ್ಗ ಕಟ್ಟಿ, ಹಗ್ಗವನ್ನು ಮರಕ್ಕೆ ಬಿಗಿದು, ಪುಟ್ಟ ಮೆಟ್ಟಿಲಿನ ಮೇಲೆ ಕಾಲೂರಿ, ಮರದಿಂದ ಹಿಂದಕ್ಕೆ ವಾಲಿ ನೇತಾಡುತ್ತ ಕಾಯುವುದು. ಪಟ್ಟಿಯ ತೂಕ ಸುಮಾರು ಒಂದು ಕಿಲೋ. ಬಿಲ್ಲು ಎಳೆಯಲು ಕೈಗೆ ಜಾಗ ಸಿಗುತ್ತದೆ, ಮರದ ಕಾಂಡವೇ ಮರೆಯಾಗುತ್ತದೆ, ಇಡೀ ಹೊತ್ತು ಹಗ್ಗಕ್ಕೆ ಕಟ್ಟಿಕೊಂಡೇ ಇರುವುದರಿಂದ ಬೀಳುವ ಭಯ ಕಡಿಮೆ. ಅಲ್ಲಿ ಬೇಟೆಗಾರರು ಮರದಿಂದ ಬಿದ್ದು ಗಾಯಗೊಳ್ಳುವುದು ಸಾಮಾನ್ಯ ಅಪಘಾತವಾದ್ದರಿಂದ ಈ ಕೊನೆಯ ಗುಣ ಎಲ್ಲಕ್ಕಿಂತ ಮುಖ್ಯ.

ಅಲ್ಲಿನ ಬೇಟೆಗಾರ ತನ್ನ ಸಾಮಾನನ್ನು ತಾನೇ ಬೆನ್ನ ಮೇಲೆ ಹೊತ್ತು ಮೈಲಿಗಟ್ಟಲೆ ನಡೆಯುತ್ತಾನೆ. ಆದ್ದರಿಂದಲೇ ಅವನು ಒಂದೊಂದು ಗ್ರಾಮಿನ ಲೆಕ್ಕ ಹಾಕುತ್ತಾನೆ. ಹೊರುವವನೇ ಕೂರುವವನಾದಾಗ ಆಸನ ಹಗುರವಾಗುತ್ತದೆ. ಹೊರುವವನು ಬೇರೆ, ಕೂರುವವನು ಬೇರೆಯಾದಾಗ ಭಾರ ಯಾರ ಗಮನಕ್ಕೂ ಬರುವುದಿಲ್ಲ.

ಈ ಜೀನಿನ ಹಿಂದಿರುವುದು ವಿದ್ಯುತ್ ಕಂಬ ಹತ್ತುವವರ, ಮರ ಸವರುವವರ ಸೊಂಟಪಟ್ಟಿ. ಅದೇ ಜಾಣ್ಮೆಯನ್ನು ನಮ್ಮವರು ಬಹಳ ಹಿಂದಿನಿಂದ ಬಲ್ಲರು. ಈಚಲು ಮರ ಏರುವವನು ಮರಕ್ಕೂ ಸೊಂಟಕ್ಕೂ ಸೇರಿಸಿ ಹಗ್ಗದ ಬಳೆ ಹಾಕಿಕೊಂಡು, ಹಿಂದಕ್ಕೆ ವಾಲಿ, ಎರಡೂ ಕೈ ಬಿಟ್ಟು ಕೆಲಸ ಮಾಡುತ್ತಾನೆ. ಮಲೆನಾಡಿನ ಕೊನೆಗೌಡ ಕಾಲಿಗೆ ತಳೆ ಹಾಕಿ ಅಡಿಕೆ ಮರವೇರಿ, ಇಳಿಯದೆಯೇ ಮರದಿಂದ ಮರಕ್ಕೆ ದಾಟುತ್ತಾನೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ನಾಗರಹೊಳೆ ಸೀಮೆಯ ಜೇನುಕುರುಬರು ಹೆಜ್ಜೇನಿಗಾಗಿ ಕತ್ತಲಲ್ಲಿ ಎತ್ತರದ ಮರಗಳನ್ನು ಏರಿದವರು. ಈ ಜೇನುಕುರುಬರೂ ಕುರಿ ಸಾಕುವ ಕುರುಬರೂ ಬೇರೆ ಬೇರೆ ಸಮುದಾಯಗಳು ಎಂಬುದನ್ನು ಇಲ್ಲಿ ನೆನಪಿಡಬೇಕು. ಹಗ್ಗ, ಬಳ್ಳಿ, ದೇಹದ ಸಮತೋಲ ಇಷ್ಟೇ ಇವರೆಲ್ಲರ ಬಂಡವಾಳ. ಅಮೆರಿಕದ ಬೇಟೆಗಾರನಿಗೆ ಸಿಕ್ಕ ಭದ್ರತೆಯ ಹಗ್ಗ ನಮ್ಮ ಕೊನೆಗೌಡನಿಗೆ, ಈಚಲು ಮರ ಏರುವವನಿಗೆ ಇನ್ನೂ ಪೂರ್ತಿಯಾಗಿ ಸಿಕ್ಕಿಲ್ಲ. ಮರದಿಂದ ಬಿದ್ದು ನಡು ಮುರಿದುಕೊಂಡವರು ಅಡಿಕೆ ಸೀಮೆಯ ಊರುಗಳಲ್ಲಿ ಅಪರೂಪವಲ್ಲ.

ಬೇಟೆ ನಿಂತಿತು, ಅಟ್ಟಣೆ ಉಳಿಯಿತು

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯ ಯುಗಕ್ಕೆ ತೆರೆ ಎಳೆಯಿತು. ಪರವಾನಗಿ ಪಡೆದು ಕೆಲವು ಪ್ರಾಣಿಗಳನ್ನು ಬೇಟೆಯಾಡಲು ಮೊದಲು ಇದ್ದ ಅವಕಾಶವೂ 1991ರ ತಿದ್ದುಪಡಿಯಿಂದ ಹೋಯಿತು. ಬಂದೂಕಿರಲಿ, ಬಿಲ್ಲಿರಲಿ, ಉರುಳಿರಲಿ, ಬೇಟೆಯ ಪ್ರಯತ್ನವೂ ಅಪರಾಧ. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಫಲ ಕಣ್ಣ ಮುಂದಿದೆ. 2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳು 563, 2023ರ ಅಂದಾಜಿನಲ್ಲಿ ಆನೆಗಳು 6,395. ಮಚಾನಿನ ಕಾಯುವಿಕೆಯನ್ನು ಈಗ ಮರಕ್ಕೆ ಕಟ್ಟಿದ ಕ್ಯಾಮೆರಾಗಳು ಮಾಡುತ್ತಿವೆ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಬೆಳೆಸಿದ ಈ ವಿಧಾನದಲ್ಲಿ ಪಟ್ಟೆಗಳನ್ನು ನೋಡಿಯೇ ಒಂದೊಂದು ಹುಲಿಯನ್ನೂ ಗುರುತಿಸುತ್ತಾರೆ. ಯಾರಿಗೂ ನೋವಾಗದ ಬೇಟೆ ಇದು. ಆಂಡರ್ಸನ್ ಕೂಡ ಕೊನೆಯ ವರ್ಷಗಳಲ್ಲಿ ಬಂದೂಕಿಗಿಂತ ಕ್ಯಾಮೆರಾ ಮೇಲು ಎಂಬ ನಿಲುವಿಗೆ ಬಂದಿದ್ದರು.

ಆದರೆ ಮರದ ಮೇಲೆ ಮನುಷ್ಯ ಕೂರುವುದು ನಿಂತಿಲ್ಲ. ಹಾಸನ, ಕೊಡಗು, ಚಾಮರಾಜನಗರ, ರಾಮನಗರದ ಕಾಡಂಚಿನ ಹೊಲಗಳಲ್ಲಿ ರಾಗಿ, ಜೋಳ, ಭತ್ತ ತೆನೆಗಟ್ಟಿದಾಗ ರೈತ ಇಂದಿಗೂ ಮಾಳ ಕಟ್ಟಿ ರಾತ್ರಿ ಕಾಯುತ್ತಾನೆ. ಅವನ ಕೈಯಲ್ಲಿ ಬಿಲ್ಲಿಲ್ಲ, ಬಂದೂಕಿಲ್ಲ; ಟಾರ್ಚು, ತಮಟೆ, ಪಟಾಕಿ ಇದೆ. ಆನೆ ಬಂದರೆ ಅವನು ಕೂತ ಮರವೇ ಅಲುಗುತ್ತದೆ. 2011ರಲ್ಲಿ ಅರಣ್ಯ ಹಕ್ಕುಗಳ ಮನ್ನಣೆ ಪಡೆದ ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ತಮ್ಮ ತುಂಡು ಹೊಲವನ್ನು ಹೀಗೆಯೇ ಕಾಯಬೇಕಾಗಿದೆ. ಅರಸನ ಅಟ್ಟಣೆ ವಿನೋದಕ್ಕಾಗಿತ್ತು, ಇವರದು ಒಂದು ವರ್ಷದ ಅನ್ನಕ್ಕಾಗಿ.

ನಗರವೂ ಇದರಿಂದ ದೂರವಿಲ್ಲ. 2020ರ ಮೇ ತಿಂಗಳಲ್ಲಿ ಮಾಗಡಿ ತಾಲ್ಲೂಕಿನಲ್ಲಿ ಚಿರತೆಯ ದಾಳಿಗೆ ಜೀವಗಳು ಹೋದವು. 2022ರ ಡಿಸೆಂಬರಿನಲ್ಲಿ ಕೆಂಗೇರಿ ಬಳಿಯ ತುರಹಳ್ಳಿ ಕಾಡಿನ ಸುತ್ತ ಚಿರತೆ ಕಾಣಿಸಿಕೊಂಡು ಪಶ್ಚಿಮ ಬೆಂಗಳೂರಿನ ಬಡಾವಣೆಗಳು ಕಂಗಾಲಾದವು. ಚಿರತೆ ನಮ್ಮೂರಿಗೆ ಬಂತು ಎಂದು ನಾವು ಹೇಳುತ್ತೇವೆ. ಕುರುಬರಹಳ್ಳಿ, ಜಾಲಹಳ್ಳಿ, ಮಾಗಡಿಯ ಹಳೆಯ ಕತೆಗಳನ್ನು ಓದಿದವರಿಗೆ ಮಾತ್ರ ಅದು ಎಲ್ಲಿಗೂ ಹೋಗಿರಲಿಲ್ಲ ಎಂಬುದು ಗೊತ್ತು.

ಕಾಡನ್ನೂ ಕಾಡಿನ ಪ್ರಾಣಿಗಳನ್ನೂ ಉಳಿಸಬೇಕೆಂಬುದರಲ್ಲಿ ಇಂದು ಎರಡು ಮಾತಿಲ್ಲ. ಅದರ ಭಾರ ಯಾರ ಹೆಗಲ ಮೇಲಿದೆ ಎಂಬುದನ್ನು ಕೇಳುವವರು ಕಡಿಮೆ. ಹುಲಿಗಳ ಸಂಖ್ಯೆಯ ಹೆಮ್ಮೆ ಇಡೀ ನಾಡಿಗೆ ಸೇರಿದೆ, ರಾತ್ರಿಯ ನಿದ್ದೆಗೇಡು ಮಾತ್ರ ಕಾಡಂಚಿನವನ ಪಾಲಿಗೆ ಉಳಿದಿದೆ. ಬೆಳೆ ನಷ್ಟಕ್ಕೆ ತಕ್ಕ ಬೆಲೆ, ವಿಳಂಬವಿಲ್ಲದ ಪರಿಹಾರ, ಆನೆ ದಾಟದ ತಡೆಗೋಡೆ, ಮರವೇರುವ ದುಡಿಮೆಗಾರನಿಗೆ ಗಟ್ಟಿ ಹಗ್ಗ ಮತ್ತು ವಿಮೆ, ಇವು ದಾನದ ಮಾತಲ್ಲ. ಬಹಳ ಕಾಲ ಬೇರೆಯವರ ಮಂಚ ಹೊತ್ತವರಿಗೆ ನಾವು ಉಳಿಸಿಕೊಂಡಿರುವ ಬಾಕಿ. ಆತಕೂರಿನಲ್ಲಿ ನಾಯಿಯ ಸೇವೆಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ ನಾಡು ಇಷ್ಟನ್ನು ಮಾಡಲಾರದೇ?